ಸ್ಟ್ರೋಕ್ ಆದ ಮೇಲೆ ನುಂಗುವ ಥೆರಪಿ: ಅಣ್ಣನಿಗೆ ಆರು ತಿಂಗಳು ಮಾಡಿಸಿ ನೋಡಿದ್ದು

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಿಗೆ ಅದ್ದಿ ನುಂಗುತ್ತೇವೆ. ನಮ್ಮಣ್ಣ ಬುದ್ಧಿ ಬಂದಾಗಿನಿಂದ ಎರಡು ಹೊತ್ತೂ ಹಾಗೇ ನುಂಗಿದವರು. ಅಪ್ಪನನ್ನು ನಾವು ಅಣ್ಣ ಅಂತಲೇ ಕರೆಯೋದು. 71 ವರ್ಷ, ಮದ್ದೂರು ತಾಲೂಕಿನ ಒಂದು ಊರು, ಸ್ವಂತ ಹಿಟ್ಟಿನ ಮಿಲ್ಲು. ಕಳೆದ ನವೆಂಬರಿನಲ್ಲಿ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು, ಮುಖದ ಎಡಭಾಗ ಬಿದ್ದುಹೋಯಿತು. ಅದನ್ನು ಊರೆಲ್ಲ ಬಂದು ನೋಡಿತು. ಗಂಟಲೂ ಬಿದ್ದುಹೋಗಿದ್ದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಈ ಬರಹ ಆ ಗಂಟಲಿಗೆ ಮಾಡಿಸಿದ ಥೆರಪಿ ಬಗ್ಗೆ. ಡಾಕ್ಟರುಗಳು ಸ್ವಾಲೋ ಥೆರಪಿ ಅನ್ನುತ್ತಾರೆ. ಮೈಸೂರಿನ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಜನವರಿಯಿಂದ ಜೂನ್‌ವರೆಗೆ ಮಾಡಿಸಿದೆವು. ಕ್ಲಿನಿಕ್ಕಿನ ಹೆಸರು ಹಾಕುತ್ತಿಲ್ಲ. ಅಲ್ಲಿಯ ಒಂದೆರಡು ಕೊರತೆಗಳನ್ನೂ ಬರೆಯಬೇಕು, ಮತ್ತೆ ಎಲ್ಲರೂ ಮೈಸೂರಿಗೇ ಬರೋಕೆ ಆಗೋದೂ ಇಲ್ಲ. ಇಂಥದ್ದೊಂದು ಚಿಕಿತ್ಸೆ ಇದೆ ಅಂತಲೇ ನಮಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಇನ್ನೊಬ್ಬರ ಮನೆಗೆ ಬರಬಾರದು ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಮಿಲ್ಲು ನಡೆಸುವವಳು. ಇಲ್ಲಿರುವ ವ್ಯಾಯಾಮಗಳನ್ನು ನೋಡಿ ಯಾರೂ ನೇರವಾಗಿ ಶುರು ಮಾಡಬೇಡಿ. ಅದು ಯಾಕೆ ಅಂತ ಮುಂದೆ ಬರೆದಿದ್ದೇನೆ.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಪ್ರಾಣ ಉಳಿಸಿದರು, ಅದನ್ನು ಮರೆಯುವುದಿಲ್ಲ. ಆದರೆ ಡಿಸ್ಚಾರ್ಜ್ ಆಗುವಾಗ ಮೂಗಿನಲ್ಲಿ ರೈಲ್ಸ್ ಟ್ಯೂಬ್ ಇತ್ತು, ಅಂದರೆ ಮೂಗಿನಿಂದ ಹೊಟ್ಟೆಗೆ ದ್ರವ ಆಹಾರ ಇಳಿಸುವ ಕೊಳವೆ. ಎರಡು ಗಂಟೆಗೊಮ್ಮೆ 200 ಎಂಎಲ್ ಹಾಕಿ, ತಲೆ ಎತ್ತರ ಇಡಿ ಅಂದರು. ಬಾಯಲ್ಲಿ ಏನೂ ಕೊಡಬೇಡಿ ಅಂದರು. ಎಷ್ಟು ದಿನ ಅಂತ ಕೇಳಿದೆ. ‘ನೋಡೋಣ’ ಅಂದರು. ಕೈಕಾಲಿಗೆ ಫಿಸಿಯೋಥೆರಪಿ ಬರೆದುಕೊಟ್ಟರು. ಗಂಟಲಿಗೆ ಒಂದು ಸಾಲೂ ಬರೆದಿರಲಿಲ್ಲ.

ಮನೆಗೆ ಬಂದ ನಾಲ್ಕನೇ ದಿನ ಅಣ್ಣ ಕಾಫಿ ಕೇಳಿದರು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಲೋಟದ ಕಡೆ ಬೆರಳು ತೋರಿಸಿದರು. ಕಣ್ಣಲ್ಲಿ ನೀರು. ನನಗೆ ತಡೆಯೋಕೆ ಆಗಲಿಲ್ಲ. ಮೂರು ಚಮಚ ಕೊಟ್ಟೆ. ಕೆಮ್ಮಲಿಲ್ಲ, ನೆತ್ತಿಗೆ ಹತ್ತಲಿಲ್ಲ. ಇಳಿಯಿತಲ್ಲ ಅಂತ ಖುಷಿಯಾಗಿ ಅರ್ಧ ಲೋಟ ಕೊಟ್ಟೆ. ಮಾರನೇ ದಿನ ಬಂದವರು ಎಳನೀರು ತಂದಿದ್ದರು, ಅದನ್ನೂ ಎರಡು ಗುಟುಕು ಕುಡಿಸಿದೆವು. ಎರಡು ದಿನಕ್ಕೆ ಜ್ವರ, ಎದೆಯಲ್ಲಿ ಗೊರಗೊರ. ಮತ್ತೆ ಆಸ್ಪತ್ರೆ, ನ್ಯುಮೋನಿಯಾ, ಎಂಟು ದಿನ. ಕಾಫಿಯೂ ಎಳನೀರೂ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದಿತ್ತು.

ನೆತ್ತಿಗೆ ಹತ್ತುವುದು ಅಂದರೆ ಏನು ಅಂತ ನನಗೆ ಆಗ ಅರ್ಥವಾಯಿತು. ಊಟ ಮಾಡುವಾಗ ನೆತ್ತಿಗೆ ಹತ್ತಿದರೆ ತಲೆ ತಟ್ಟುತ್ತೇವೆ, ಯಾರೋ ನೆನೆಸಿಕೊಂಡರು ಅನ್ನುತ್ತೇವೆ. ನಿಜವಾಗಿ ಆಗಿರೋದು ಇಷ್ಟು: ಅನ್ನದ ಅಗುಳೋ ನೀರೋ ಗಾಳಿಯ ಕೊಳವೆಗೆ ಇಣುಕಿದೆ, ಮೈ ಅದನ್ನು ಕೆಮ್ಮಿ ಹೊರಗೆ ತಳ್ಳುತ್ತಿದೆ. ಕೆಮ್ಮು ನಮ್ಮ ಕಾವಲುಗಾರ. ಸ್ಟ್ರೋಕ್ ಆದ ಕೆಲವರಿಗೆ ಆ ಕಾವಲುಗಾರನೇ ಮಲಗಿಬಿಟ್ಟಿರುತ್ತಾನೆ. ತಿಂದಿದ್ದು ಕುಡಿದಿದ್ದು ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ಕೆಮ್ಮಲಿಲ್ಲ, ಹಾಗಾದರೆ ಸರಿಯಾಗಿ ನುಂಗುತ್ತಿದ್ದಾರೆ ಅಂತ ಮನೆಯವರು ಅಂದುಕೊಂಡರೆ ಮೋಸಹೋದ ಹಾಗೆ. ನಾನು ಮೋಸಹೋದೆ.

ಎರಡನೇ ಸಲ ಮನೆಗೆ ಬಂದ ಮೇಲೆ ಯಾರೋ ಹೇಳಿದರು ಅಂತ ಹತ್ತಿರದ ಪೇಟೆಯ ಒಂದು ಕಡೆ ಹೋದೆವು. ಗಂಟಲಿಗೆ ಎರಡು ಪ್ಯಾಡ್ ಅಂಟಿಸಿ ಸಣ್ಣದಾಗಿ ಕರೆಂಟ್ ಹಾಯಿಸುವ ಮೆಷಿನ್. ಹತ್ತು ಸಲಕ್ಕೆ ಒಂದು ಪ್ಯಾಕೇಜ್, ದುಡ್ಡು ಮೊದಲೇ ಕಟ್ಟಬೇಕು. ಇಪ್ಪತ್ತು ನಿಮಿಷ ಮೆಷಿನ್ ಹಚ್ಚಿ ಹುಡುಗ ಫೋನ್ ನೋಡುತ್ತಾ ಕೂತಿರುತ್ತಿದ್ದ. ಹತ್ತು ಸಲದಲ್ಲಿ ಒಂದು ಸಲವೂ ಅಣ್ಣನಿಗೆ ‘ನುಂಗಿ’ ಅಂತ ಹೇಳಲಿಲ್ಲ. ಆ ಮೆಷಿನ್ನೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಹಚ್ಚಿದಾಗ ರೋಗಿ ನುಂಗುವ ಕೆಲಸವನ್ನೂ ಮಾಡುತ್ತಿರಬೇಕು ಅಂತ ಆಮೇಲೆ ಮೈಸೂರಿನಲ್ಲಿ ತಿಳಿಯಿತು. ಸುಮ್ನೆ ಮಲಗಿಸಿ ಕರೆಂಟ್ ಹಾಯಿಸಿದರೆ ನುಂಗೋದು ಬರುತ್ತದೆ ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟಬೇಡಿ.

ಮೈಸೂರಿಗೆ ಹೋಗಿದ್ದು ನಮ್ಮ ಮಿಲ್ಲಿಗೆ ರಾಗಿ ತರುವ ಒಬ್ಬ ಮೇಷ್ಟರು ಹೇಳಿದ್ದರಿಂದ. ಅವರ ಮಗನಿಗೆ ಚಿಕ್ಕವನಿದ್ದಾಗ ತೊದಲು ಇತ್ತು, ‘ಸ್ಪೀಚ್ ಅಂಡ್ ಹಿಯರಿಂಗ್‌’ನಲ್ಲಿ ತೋರಿಸಿದ್ದರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಮೈಸೂರಿನವರು ಹಾಗೇ ಕರೆಯೋದು. 1960ರ ದಶಕದಿಂದ ಇದೆ. ‘ಮಾತಿನ ಡಾಕ್ಟರುಗಳೇ ಗಂಟಲಿಗೂ ನೋಡ್ತಾರಂತೆ ಕಣವ್ವ, ವಿಚಾರಿಸು’ ಅಂದರು ಮೇಷ್ಟರು. ಮಾತಿನ ಡಾಕ್ಟರಿಗೂ ನುಂಗುವುದಕ್ಕೂ ಏನು ಸಂಬಂಧ ಅಂತ ನನಗೂ ಅನಿಸಿತ್ತು. ಸಂಬಂಧ ಇದೆ. ನಾಲಿಗೆ, ತುಟಿ, ಗಂಟಲು ಎಲ್ಲ ಅದೇ ಅಲ್ವಾ? ಸ್ಪೀಚ್ ಥೆರಪಿ ಕಲಿತವರೇ ನುಂಗುವ ತೊಂದರೆಗೂ ಚಿಕಿತ್ಸೆ ಕೊಡೋದು. ನಾವು ಕೊನೆಗೆ ತಲುಪಿದ ಕ್ಲಿನಿಕ್ಕಿನ ಥೆರಪಿಸ್ಟ್ ಅಲ್ಲೇ ಓದಿದ ಹುಡುಗಿ. ಗೋಡೆಯ ಮೇಲೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪತ್ರ ಹಾಕಿದ್ದರು. ನೀವು ಎಲ್ಲೇ ಹೋದರೂ ಅದಿದೆಯಾ ಅಂತ ಕೇಳಿ. ಕೇಳೋದು ತಪ್ಪಲ್ಲ.

ಮೊದಲ ದಿನ ಆ ಹುಡುಗಿ ಅಣ್ಣನ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ, ನನ್ನ ಕಡೆ ತಿರುಗಿ ಕೇಳಿದ ಮೊದಲ ಮಾತು: ‘ಅಕ್ಕಾ, ದಿನಾ ಹಲ್ಲುಜ್ಜಿಸ್ತೀರಾ?’ ಬಾಯಲ್ಲಿ ಊಟವೇ ಇಲ್ಲವಲ್ಲ ಅಂತ ನಾವು ಉಜ್ಜಿಸುತ್ತಿರಲಿಲ್ಲ. ನಾಲಿಗೆ ಮೇಲೆ ಹಳದಿ ಪದರ ಕಟ್ಟಿತ್ತು. ಟ್ಯೂಬ್ ಇದ್ದರೂ ಎಂಜಲು ಗಂಟಲಿಗೆ ಇಳಿಯುತ್ತಲೇ ಇರುತ್ತದೆ, ಆ ಎಂಜಲಲ್ಲಿರುವ ಕ್ರಿಮಿಗಳೇ ನ್ಯುಮೋನಿಯಾ ತರೋದು ಅಂತ ಹೇಳಿದರು. ದಿನಕ್ಕೆ ಎರಡು ಸಲ ಮೆತ್ತನೆ ಬ್ರಷ್, ನಾಲಿಗೆ, ದವಡೆ ಒಳಗೆಲ್ಲ. ವ್ಯಾಯಾಮಕ್ಕಿಂತ ಮೊದಲು ಇದನ್ನು ಕಲಿಸಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲೆ ಕ್ಯಾಮೆರಾ ಪರೀಕ್ಷೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಪರೀಕ್ಷೆ ಇಲ್ಲದೆ ಮಾಡಿಸುವ ವ್ಯಾಯಾಮ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಇಎನ್‌ಟಿ ಡಾಕ್ಟರ್ ಮೂಗಿನಿಂದ ಒಂದು ಸಣ್ಣ ಕೊಳವೆ ಇಳಿಸಿದರು. ಅದರ ತುದಿಯಲ್ಲಿ ಕ್ಯಾಮೆರಾ, ಎದುರಿಗೆ ಟಿವಿ. ಅಣ್ಣನ ಗಂಟಲು ಒಳಗಿನಿಂದ ಕಾಣಿಸಿತು. ನಸುಗೆಂಪು, ಒದ್ದೆ, ಉಸಿರಿಗೆ ತಕ್ಕ ಹಾಗೆ ತೆರೆದು ಮುಚ್ಚುವ ಧ್ವನಿ ತಂತುಗಳು. ಹಾಲಿಗೆ ಹಸಿರು ಬಣ್ಣ ಹಾಕಿ ಒಂದು ಚಮಚ ಕೊಟ್ಟರು. ‘ನುಂಗಿ ಅಪ್ಪಾಜಿ’ ಅಂದರು. ಅಣ್ಣ ನುಂಗಲು ಶುರು ಮಾಡುವ ಮೊದಲೇ ಹಸಿರು ಗೆರೆಯೊಂದು ನಾಲಿಗೆ ಬುಡದಿಂದ ಜಾರಿ ಬಂತು. ಒಂದು ಕ್ಷಣ ಟಿವಿ ಪೂರ್ತಿ ಬೆಳ್ಳಗಾಯಿತು. ನುಂಗುವ ಕ್ಷಣದಲ್ಲಿ ಗಂಟಲು ಹಿಂಡಿಕೊಳ್ಳುವುದರಿಂದ ಹಾಗಾಗುತ್ತದಂತೆ. ಮತ್ತೆ ಚಿತ್ರ ಬಂದಾಗ ಧ್ವನಿ ತಂತುಗಳ ಕೆಳಗೆ, ಗಾಳಿಯ ಕೊಳವೆ ಒಳಗೆ, ಹಸಿರು. ಗಂಟಲಿನ ಎಡಗಡೆ ಇರುವ ಸಣ್ಣ ಗುಂಡಿಯಲ್ಲಿ ಒಂದಿಷ್ಟು ಹಸಿರು ನಿಂತುಬಿಟ್ಟಿತ್ತು. ಅಣ್ಣ ಸುಮ್ಮನೆ ಕೂತಿದ್ದರು. ಒಂದು ಕೆಮ್ಮೂ ಇಲ್ಲ.

ನಾನು ಆ ಟಿವಿ ನೋಡುತ್ತಾ ಅತ್ತುಬಿಟ್ಟೆ. ಅರ್ಧ ಲೋಟ ಕಾಫಿ ಕೊಟ್ಟಿದ್ದು ನಾನೇ.

ಆದರೆ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಈ ಜನ ತಪ್ಪು ಕಂಡುಹಿಡಿದು ಸುಮ್ಮನಾಗುವುದಿಲ್ಲ, ಯಾವುದು ಇಳಿಯುತ್ತದೆ ಅಂತ ಹುಡುಕುತ್ತಾರೆ. ಹಾಲಿಗೆ ಪುಡಿ ಹಾಕಿ ಗಟ್ಟಿ ಮಾಡಿ ಕೊಟ್ಟರು. ನಿಧಾನವಾಗಿ ಇಳಿಯಿತು, ಕೊಳವೆಗೆ ಹೋಗಲಿಲ್ಲ, ಎಡಗಡೆ ಮಾತ್ರ ಉಳಿಯಿತು. ‘ಈಗ ಎಡಕ್ಕೆ ತಿರುಗಿ, ಭುಜ ನೋಡಿಕೊಂಡು ನುಂಗಿ’ ಅಂದರು. ಎಡಗಡೆ ಉಳಿಯೋದೂ ಕಡಿಮೆಯಾಯಿತು. ಬಿದ್ದುಹೋದ ಕಡೆಗೇ ಮುಖ ತಿರುಗಿಸಿದರೆ ಆ ಕಡೆ ದಾರಿ ಮುಚ್ಚಿಕೊಂಡು ಊಟ ಗಟ್ಟಿ ಇರುವ ಕಡೆಯಿಂದ ಇಳಿಯುತ್ತದೆ. ಔಷಧಿ ಇಲ್ಲ, ಆಪರೇಷನ್ ಇಲ್ಲ, ಕತ್ತು ತಿರುಗಿಸಿದ್ದು ಅಷ್ಟೇ. ಎರಡು ತಿಂಗಳು ನಾವು ಕಾದಿದ್ದ ಉತ್ತರ ಅರ್ಧ ಗಂಟೆಯಲ್ಲಿ ಸಿಕ್ಕಿತು. ಬೇರಿಯಂ ಕುಡಿಸಿ ಎಕ್ಸ್‌ರೇ ವಿಡಿಯೋ ತೆಗೆಯುವ ಇನ್ನೊಂದು ಪರೀಕ್ಷೆಯೂ ಇದೆ. ನಮಗೆ ಕ್ಯಾಮೆರಾದ್ದೇ ಸಾಕಾಯಿತು.

ಇನ್ನು ವ್ಯಾಯಾಮ. ನುಂಗುವಾಗ ಗಂಡಸರ ಗಂಟಲಲ್ಲಿ ಎದ್ದು ಕಾಣುವ ಗಂಟು ಮೇಲಕ್ಕೂ ಮುಂದಕ್ಕೂ ಏರುತ್ತದೆ. ಅದು ಏರಿದಾಗಲೇ ಗಾಳಿಯ ದಾರಿ ಮುಚ್ಚಿ ಅನ್ನನಾಳದ ಬಾಗಿಲು ತೆರೆಯೋದು. ಎಲ್ಲ ಸೇರಿ ಒಂದು ಸೆಕೆಂಡಿನ ಕೆಲಸ. ಅದನ್ನು ಎಳೆಯುವ ಸ್ನಾಯುಗಳು ಗದ್ದದ ಕೆಳಗಿವೆ. ಥೆರಪಿಸ್ಟ್ ನನ್ನ ಬೆರಳು ಹಿಡಿದು ನನ್ನ ಗಂಟಲ ಮೇಲೇ ಇಡಿಸಿದರು. ‘ಎಂಜಲು ನುಂಗಿ ಅಕ್ಕಾ.’ ಬೆರಳ ಕೆಳಗೆ ಗಂಟು ಟಕ್ ಅಂತ ಹಾರಿ ಇಳಿಯಿತು. ಆಮೇಲೆ ಅದೇ ಬೆರಳನ್ನು ಅಣ್ಣನ ಗಂಟಲ ಮೇಲೆ ಇಡಿಸಿದರು. ಅಲ್ಲಿ ಗಂಟು ನಡುಗಿತು, ಸ್ವಲ್ಪ ಎದ್ದಿತು, ಜಾರಿತು. ನಲವತ್ತಾರು ವರ್ಷದಲ್ಲಿ ನಾನು ಲಕ್ಷಾಂತರ ಸಲ ನುಂಗಿದ್ದೇನೆ, ಒಂದು ಸಲವೂ ಅದನ್ನು ಗಮನಿಸಿರಲಿಲ್ಲ.

ಗದ್ದದ ಕೆಳಗಿನ ಸ್ನಾಯುಗಳಿಗೆ ಹೆಸರುವಾಸಿ ವ್ಯಾಯಾಮ ಶೇಕರ್ ಅಂತ. ಅಮೆರಿಕದ ರೆಜಾ ಶೇಕರ್ ಎಂಬ ಡಾಕ್ಟರ್ 1990ರ ದಶಕದಲ್ಲಿ ರೂಪಿಸಿದ್ದು. ಅಂಗಾತ ಮಲಗಿ, ಭುಜ ಎತ್ತದೆ, ತಲೆ ಮಾತ್ರ ಎತ್ತಿ ಕಾಲ ಬೆರಳು ನೋಡಬೇಕು. ಒಂದು ನಿಮಿಷ ಹಿಡಿಯೋದು, ಒಂದು ನಿಮಿಷ ಬಿಡೋದು, ಹಾಗೆ ಮೂರು ಸಲ. ಆಮೇಲೆ ಹಿಡಿಯದೆ ಮೂವತ್ತು ಸಲ ಎತ್ತಿ ಇಳಿಸೋದು. ದಿನಕ್ಕೆ ಮೂರು ಹೊತ್ತು, ಆರು ವಾರ. ಅಣ್ಣನಿಗೆ ಕುತ್ತಿಗೆ ಮೂಳೆ ಸವೆತ ಇದೆ, ಬಿಪಿ ಇದೆ. ಅದಕ್ಕೆ ಇದು ಬೇಡ ಅಂದರು. ಯಾರೂ ಸುಮ್ಮನೆ ಶುರು ಮಾಡಬೇಡಿ ಅಂದಿದ್ದು ಇದಕ್ಕೇ. ಒಬ್ಬರಿಗೆ ಒಳ್ಳೆಯದು ಇನ್ನೊಬ್ಬರ ಕುತ್ತಿಗೆಗೆ ಕೇಡು.

ಅದರ ಬದಲು ಚೆಂಡು. ಕೂತುಕೊಂಡು, ಗದ್ದ ಮತ್ತು ಎದೆಯ ನಡುವೆ ಮೆತ್ತನೆ ರಬ್ಬರ್ ಚೆಂಡು ಇಟ್ಟು, ಗದ್ದದಿಂದ ಅದನ್ನು ಅದುಮಬೇಕು. ಇದು ಸಿಂಗಾಪುರದವರು ಪರೀಕ್ಷೆ ಮಾಡಿ ನೋಡಿದ ವಿಧಾನವಂತೆ. ಶೇಕರಿನಷ್ಟೇ ಕೆಲಸ, ಮಲಗುವ ಕಷ್ಟ ಇಲ್ಲ. ಚೆಂಡು ಸುಮಾರು 12 ಸೆಂಟಿಮೀಟರ್ ಅಗಲ ಇರಬೇಕು ಅಂದರು. ಮದ್ದೂರು ಸಂತೆಯಲ್ಲಿ ಮಕ್ಕಳ ಚೆಂಡು ಒಂದು ಕೊಂಡೆ, ಕೆಂಪು ಬಣ್ಣದ್ದು, ನಲವತ್ತು ರೂಪಾಯಿ. ಈ ಥೆರಪಿಯಲ್ಲಿ ನಾವು ಕೊಂಡ ಅತ್ಯುತ್ತಮ ವಸ್ತು ಅದೇ. ಮೊದಲ ದಿನ ಅಣ್ಣನಿಗೆ ಎಂಟು ಸೆಕೆಂಡ್ ಅದುಮಲು ಆಯಿತು. ಗದ್ದ ನಡುಗಿ ಚೆಂಡು ಉರುಳಿ ಮಂಚದ ಕೆಳಗೆ ಹೋಯಿತು. ಏಪ್ರಿಲ್ ಹೊತ್ತಿಗೆ ಅರವತ್ತು ಸೆಕೆಂಡ್, ಮೂರು ಸಲ.

ಉಳಿದವು ಮೂರು. ಒಂದು, ಜೋರಾಗಿ ನುಂಗೋದು: ನಾಲಿಗೆಯನ್ನು ಅಂಗುಳಿಗೆ ಒತ್ತಿ, ಇಡೀ ಗಂಟಲು ಹಿಂಡಿ ನುಂಗಬೇಕು. ‘ಮುದ್ದೆ ತುತ್ತು ದೊಡ್ಡದಾಯ್ತು ಅಂದ್ಕೊಳಿ ಅಪ್ಪಾಜಿ, ಹಾಗೆ ನುಂಗಿ’ ಅಂತ ಆ ಹುಡುಗಿ ಹೇಳಿದ್ದೇ ತಡ, ಅಣ್ಣನಿಗೆ ಬಂದುಬಿಟ್ಟಿತು. ಪುಸ್ತಕದ ಮಾತಲ್ಲಿ ಹೇಳಿದ್ದರೆ ತಿಂಗಳಾಗುತ್ತಿತ್ತೋ ಏನೋ. ಇನ್ನೊಂದು ಮಸಾಕೊ: ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಹಗುರವಾಗಿ ಹಿಡಿದು ಬರೀ ಎಂಜಲು ನುಂಗೋದು. ಇದನ್ನು ಬಾಯಲ್ಲಿ ಊಟ ಅಥವಾ ನೀರು ಇಟ್ಟುಕೊಂಡು ಯಾವತ್ತೂ ಮಾಡಬಾರದು, ಕೊಳವೆಗೆ ಇಳಿದುಬಿಡುತ್ತದೆ. ಮೂರನೆಯದು ಮೆಂಡಲ್ಸನ್: ನುಂಗುವಾಗ ಗಂಟು ಮೇಲೇರುತ್ತಲ್ಲ, ಅದನ್ನು ಅಲ್ಲೇ ಎರಡು ಮೂರು ಸೆಕೆಂಡ್ ಹಿಡಿದಿಟ್ಟುಕೊಳ್ಳೋದು. ಇದು ಬಲು ಕಷ್ಟ. ನಾನೇ ಮಾಡಿ ನೋಡಿದೆ, ನಾಲ್ಕು ದಿನ ಬರಲಿಲ್ಲ. ಅಣ್ಣನಿಗೆ ಐದು ವಾರ ಬೇಕಾಯಿತು. ಬೆಳಿಗ್ಗೆ ಕನ್ನಡಿ ಮುಂದೆ ಕೂತು, ಬೆರಳು ಗಂಟಲ ಮೇಲಿಟ್ಟು, ಮೇಲೆ ಹೋಗಿ ನಿಂತ ದಿನ ನನ್ನ ಕೈ ಹಿಡಿದು ತಮ್ಮ ಗಂಟಲಿಗೆ ಒತ್ತಿಕೊಂಡರು. ‘ನಿಂತದೆ, ನೋಡು ಮಗಾ.’

ಇಷ್ಟನ್ನೂ ದಿನಕ್ಕೆ ಮೂರು ಹೊತ್ತು ಮಾಡಬೇಕು. ಕ್ಲಿನಿಕ್ಕಿಗೆ ಹೋಗೋದು ವಾರಕ್ಕೆ ಒಂದು ಸಲ, ಒಂದು ಸಲಕ್ಕೆ ನಾವು ಕೊಟ್ಟಿದ್ದು 500 ರೂಪಾಯಿ. ಉಳಿದ ಆರು ದಿನದ ಕೆಲಸ ಮನೆಯವರದ್ದು. ಈ ಥೆರಪಿಯ ನಿಜವಾದ ಖರ್ಚು ಅದೇ. ನಾನು ಬೆಳಗಿನ ಸುತ್ತು ಮುಗಿಸಿ ಮಿಲ್ಲು ತೆಗೆಯುತ್ತಿದ್ದೆ, ಮಧ್ಯಾಹ್ನದ್ದು ಅವ್ವ, ರಾತ್ರಿಯದ್ದು ನನ್ನ ಮಗ. ಹಿಟ್ಟಿನ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಗೆರೆ ಎಳೆದು ಎಷ್ಟು ಸಲ ಆಯಿತು ಅಂತ ಬರೆಯುತ್ತಿದ್ದೆವು. ಮಾಡದ ದಿನಗಳೂ ಅದರಲ್ಲಿವೆ. ಫೆಬ್ರವರಿಯಲ್ಲಿ ಒಂದು ವಾರ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಚೆಂಡು ಎಸೆದರು. ನಾವು ಬಲವಂತ ಮಾಡಲಿಲ್ಲ. ಥೆರಪಿಸ್ಟ್ ಫೋನಿನಲ್ಲಿ ವಿಡಿಯೋ ಕಾಲ್ ಮಾಡಿ ವ್ಯಾಯಾಮದ ಮಾತೇ ಎತ್ತದೆ ಹತ್ತು ನಿಮಿಷ ಭತ್ತ, ರಾಗಿ, ಮಿಲ್ಲು ಅಂತ ಮಾತಾಡಿದರು. ಮಾರನೇ ದಿನ ಅಣ್ಣನೇ ಚೆಂಡು ಕೇಳಿದರು. ಆ ಫೋನಿಗೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಊಟ ಗಟ್ಟಿ ಮಾಡುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಕಸುಬು ಸ್ವಲ್ಪ ಕೈಹಿಡಿಯಿತು, ಸ್ವಲ್ಪ ಕೈಕೊಟ್ಟಿತು. ಗಟ್ಟಿ, ತೆಳು ಅನ್ನೋದಕ್ಕೆ ಈಗ ದೇಶದೇಶಗಳಲ್ಲಿ ಬಳಸುವ ಒಂದೇ ಅಳತೆ ಇದೆ. ಐಡಿಡಿಎಸ್‌ಐ ಅನ್ನುತ್ತಾರೆ, 0ಯಿಂದ 7ರವರೆಗೆ ಎಂಟು ಮಟ್ಟ. ನೀರು 0, ನಾವೆಲ್ಲ ತಿನ್ನುವ ಊಟ 7. ಕುಡಿಯುವುದನ್ನು ಅಳೆಯೋದು ಸಿರಿಂಜಿನಿಂದ. 10 ಎಂಎಲ್ ಸಿರಿಂಜಿನ ದಂಡ ತೆಗೆದು, ತುದಿಗೆ ಬೆರಳಿಟ್ಟು, 10ರವರೆಗೆ ತುಂಬಿಸಿ, ಬೆರಳು ತೆಗೆದು ಹತ್ತು ಸೆಕೆಂಡ್ ಬಿಡಬೇಕು. ಒಳಗೆ ಎಷ್ಟು ಉಳಿಯಿತು ನೋಡಬೇಕು. 1ರಿಂದ 4 ಎಂಎಲ್ ಉಳಿದರೆ ಮಟ್ಟ 1, 4ರಿಂದ 8 ಉಳಿದರೆ ಮಟ್ಟ 2, 8ಕ್ಕಿಂತ ಜಾಸ್ತಿ ಉಳಿದರೆ ಮಟ್ಟ 3. ಒಂದು ಹನಿಯೂ ಇಳಿಯದಿದ್ದರೆ ಮಟ್ಟ 4. ಸಿರಿಂಜಿನ 0ಯಿಂದ 10ರ ಗುರುತಿನವರೆಗಿನ ಉದ್ದ 61.5 ಮಿಲಿಮೀಟರ್ ಇರಬೇಕು. ಬೇರೆ ಉದ್ದದ್ದಾದರೆ ಲೆಕ್ಕ ತಪ್ಪುತ್ತದೆ. ಅಣ್ಣ ಶುರು ಮಾಡಿದ್ದು ಮಟ್ಟ 3ರಲ್ಲಿ.

ಗಟ್ಟಿ ಮಾಡುವ ಪುಡಿ ಡಬ್ಬಿಯಲ್ಲಿ ಬರುತ್ತದೆ. ಬೆಲೆ ಜಾಸ್ತಿ, ನಮ್ಮ ಊರಲ್ಲಿ ಸಿಗುವುದಿಲ್ಲ, ಮೊದಲ ಡಬ್ಬಿ ಒಂಬತ್ತು ದಿನಕ್ಕೆ ಖಾಲಿ. ನಮ್ಮದೇ ಮಿಲ್ಲಲ್ಲಿ ರಾಗಿ ಹಿಟ್ಟಿದೆಯಲ್ಲ, ಗಂಜಿ ಕಾಯಿಸಿದರೆ ಅದೂ ಗಟ್ಟಿಯೇ ಅಲ್ವಾ ಅಂತ ನಾನು ಗಂಜಿ ಮಾಡಿದೆ. ಸಿರಿಂಜಿನಲ್ಲಿ ಅಳೆದೆ, ಸರಿಯಾಗಿ ಮಟ್ಟ 3. ತಿನ್ನಿಸುತ್ತಾ ತಿನ್ನಿಸುತ್ತಾ ಹತ್ತು ಹನ್ನೆರಡು ಚಮಚ ಆಗುವಷ್ಟರಲ್ಲಿ ಬಟ್ಟಲಲ್ಲಿರುವುದು ನೀರು ನೀರಾಗಿತ್ತು. ಏನಾಯಿತು ಅಂತ ತಿಳಿಯಲಿಲ್ಲ. ಮೈಸೂರಿಗೆ ಹೋದಾಗ ಕೇಳಿದೆ. ಚಮಚದ ಜೊತೆ ಎಂಜಲು ಬಟ್ಟಲಿಗೆ ಬರುತ್ತದೆ, ಎಂಜಲು ಹಿಟ್ಟಿನ ಪಿಷ್ಟವನ್ನು ಕರಗಿಸುತ್ತದೆ, ಗಂಜಿ ತೆಳುವಾಗುತ್ತದೆ. ಬಾಯಲ್ಲಿ ಇಟ್ಟುಕೊಂಡಷ್ಟು ಹೊತ್ತೂ ಹಾಗೇ ಆಗುತ್ತಿರುತ್ತದೆ. ಕ್ಸಾಂಥನ್ ಗಮ್ ಅನ್ನುವ ಪುಡಿಗೆ ಹಾಗಾಗುವುದಿಲ್ಲ. ಡಬ್ಬಿ ಕೊಳ್ಳುವಾಗ ಪಿಷ್ಟದ್ದೋ ಗಮ್‌ನದ್ದೋ ಅಂತ ಓದಿಕೊಳ್ಳಿ. ಗಂಜಿಯೇ ಕೊಡಬೇಕು ಅಂದರೆ ಎರಡು ಮೂರು ಚಿಕ್ಕ ಬಟ್ಟಲಲ್ಲಿ ಬೇರೆ ಬೇರೆ ಹಾಕಿಟ್ಟು, ಎಂಜಲಾದ ಚಮಚ ದೊಡ್ಡ ಪಾತ್ರೆಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಮೂವತ್ತು ವರ್ಷ ಹಿಟ್ಟಿನ ಜೊತೆ ಬದುಕಿದವಳಿಗೆ ಇದು ಹೊಸ ವಿಷಯ.

ಅನ್ನ ಸಾರು ಅಪಾಯ ಅಂತಲೂ ನಮಗೆ ಗೊತ್ತಿರಲಿಲ್ಲ. ಮೆತ್ತಗಿದೆಯಲ್ಲ ಅಂದುಕೊಳ್ಳುತ್ತೇವೆ. ಆದರೆ ಅಗುಳು ಬಾಯಲ್ಲಿ ಇರುವಾಗಲೇ ಸಾರು ಮುಂದೆ ಓಡಿಬಿಡುತ್ತದೆ. ಸಾರಲ್ಲಿ ನೆನೆದ ಇಡ್ಲಿ, ಹಾಲಲ್ಲಿ ಹಾಕಿದ ಅವಲಕ್ಕಿ ಎಲ್ಲ ಇದೇ ಜಾತಿ. ಒಂದೇ ಹದಕ್ಕೆ ನುಣ್ಣಗೆ ಅರೆದ ಮೊಸರನ್ನ, ಬೇಳೆ ಕಟ್ಟು ಸೇರಿಸಿ ರುಬ್ಬಿದ ಅನ್ನ, ಕುಂಬಳಕಾಯಿ ಇಂಥವು ಅಣ್ಣನಿಗೆ ಹಿಡಿಸಿದವು. ಮಾತ್ರೆಯನ್ನು ನೀರಲ್ಲಿ ನುಂಗಿಸಬಾರದು. ಯಾವುದನ್ನು ಪುಡಿ ಮಾಡಬಹುದು, ಯಾವುದನ್ನು ಮಾಡಬಾರದು ಅಂತ ಡಾಕ್ಟರನ್ನೇ ಕೇಳಿ.

ಫೆಬ್ರವರಿ 26ಕ್ಕೆ ಮೂಗಿನ ಟ್ಯೂಬ್ ತೆಗೆದರು. ಅದಕ್ಕೆ ಮೊದಲು ಆಸ್ಪತ್ರೆಯ ಡಾಕ್ಟರ್, ಮೂಗಿನ ಟ್ಯೂಬ್ ನಾಲ್ಕು ವಾರ ದಾಟಿದರೆ ಹೊಟ್ಟೆಗೆ ನೇರವಾಗಿ ಹಾಕಿಸೋದು ಒಳ್ಳೆಯದು ಅಂದಿದ್ದರು. ನಾವು ಹೆದರಿಕೊಂಡಿದ್ದೆವು. ಹಾಕಿಸಿದರೂ ಗಾಬರಿ ಬೇಡ, ಅದಿದ್ದಾಗಲೂ ವ್ಯಾಯಾಮ ನಡೆಯುತ್ತದೆ, ಬೇಡವಾದ ದಿನ ತೆಗೆಯುತ್ತಾರೆ ಅಂತ ಥೆರಪಿಸ್ಟ್ ಸಮಾಧಾನ ಹೇಳಿದ್ದರು. ನಮಗೆ ಅದರ ಅಗತ್ಯ ಬೀಳಲಿಲ್ಲ.

ಕೊರತೆಗಳು. ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿ ಕೊಟ್ಟರು. ಬಾಯಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳುವವರು ಹಾಳೆಯನ್ನು ಯಾಕೆ ಇಂಗ್ಲಿಷಿನಲ್ಲಿ ಕೊಡಬೇಕು? ಮನೆಯಲ್ಲಿ ಮಾಡಿಸುವವರು ಅವ್ವನಂಥವರು. ನಾನೇ ಕೂತು ಕನ್ನಡದಲ್ಲಿ ಬರೆದು, ನನ್ನ ಮಗ ಚಿತ್ರ ಬಿಡಿಸಿ, ಗೋಡೆಗೆ ಅಂಟಿಸಿದೆವು. ಅದರ ಒಂದು ಪ್ರತಿ ಕ್ಲಿನಿಕ್ಕಿಗೂ ಕೊಟ್ಟು ಬಂದಿದ್ದೇನೆ. ಈಗ ಬೇರೆಯವರಿಗೆ ಅದನ್ನೇ ಜೆರಾಕ್ಸ್ ಮಾಡಿ ಕೊಡುತ್ತಿದ್ದಾರೆ. ಕ್ಲಿನಿಕ್ ಮೊದಲನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸ್ಟ್ರೋಕ್ ಆದವರು ಬರುವ ಜಾಗ ಅದು. ಅಣ್ಣನನ್ನು ಕುರ್ಚಿ ಸಮೇತ ಇಬ್ಬರು ಎತ್ತಿಕೊಂಡು ಹೋಗುತ್ತಿದ್ದೆವು. ಇದನ್ನು ಅವರು ಸರಿಮಾಡಲೇಬೇಕು. ಕ್ಯಾಮೆರಾ ಪರೀಕ್ಷೆ ವಾರಕ್ಕೆ ಒಂದೇ ದಿನ, ಆ ದಿನ ತಪ್ಪಿದರೆ ಮುಂದಿನ ವಾರ.

ಅಂಕ ಕೊಡಬೇಕು ಅಂದರೆ, ಕ್ಲಿನಿಕ್ಕಿಗೆ ಐದಕ್ಕೆ ನಾಲ್ಕು, ಥೆರಪಿಗೆ ಐದಕ್ಕೆ ಐದು. ಎಲ್ಲರಿಗೂ ಅಣ್ಣನಷ್ಟು ಗುಣವಾಗುತ್ತದೆ ಅಂತ ಹೇಳಲಾರೆ. ಸ್ಟ್ರೋಕ್ ಆದವರಲ್ಲಿ ಸುಮಾರು ಅರ್ಧ ಜನಕ್ಕೆ ಮೊದಮೊದಲು ನುಂಗುವ ತೊಂದರೆ ಇರುತ್ತದೆ. ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಅಣ್ಣನಿಗೂ ಎಷ್ಟು ತಾನಾಗಿ ಬಂತು, ಎಷ್ಟು ಚೆಂಡಿನಿಂದ ಬಂತು ಅಂತ ತೂಗಿ ಹೇಳೋಕೆ ಆಗುವುದಿಲ್ಲ. ನಾನು ಕಂಡಿದ್ದು ಇಷ್ಟು: ಎರಡು ತಿಂಗಳು ಸುಮ್ಮನೆ ಕಾದಾಗ ಏನೂ ಬದಲಾಗಲಿಲ್ಲ, ವ್ಯಾಯಾಮ ಶುರುವಾದ ಮೇಲೆ ವಾರ ವಾರಕ್ಕೆ ಬದಲಾಯಿತು. ನಿಮ್ಮ ಮನೆಯವರು ಟ್ಯೂಬ್ ಹಾಕಿಕೊಂಡು ಡಿಸ್ಚಾರ್ಜ್ ಆಗುತ್ತಿದ್ದರೆ, ಬಿಲ್ ಕಟ್ಟುವ ಮೊದಲು ಡಾಕ್ಟರನ್ನು ಕೇಳಿ: ನುಂಗುವ ಪರೀಕ್ಷೆ ಎಲ್ಲಿ ಮಾಡಿಸಬೇಕು? ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಮಣಿಪಾಲದಲ್ಲೂ ಇದನ್ನು ಕಲಿಸುವ ವಿಭಾಗ ಇದೆ.

ಜೂನ್ 12ಕ್ಕೆ ಮತ್ತೆ ಕ್ಯಾಮೆರಾ ಹಾಕಿದರು. ಗಟ್ಟಿ ಮಾಡದ ನೀರನ್ನೇ ಕೊಟ್ಟರು. ಹಸಿರು ಬಣ್ಣದ ನೀರು ಬಂತು, ಟಿವಿ ಬೆಳ್ಳಗಾಯಿತು, ಚಿತ್ರ ಮರಳಿ ಬಂದಾಗ ಕೊಳವೆ ಸ್ವಚ್ಛ. ಗುಂಡಿಯಲ್ಲಿ ಒಂದು ಹನಿ ನಿಂತಿತ್ತು. ಅಣ್ಣ ಎಡಕ್ಕೆ ತಿರುಗಿ ಇನ್ನೊಂದು ಸಲ ನುಂಗಿದರು, ಅದೂ ಹೋಯಿತು. ಕೆಳಗೆ ಇಳಿದು ಬಂದ ಮೇಲೆ ರಸ್ತೆ ಪಕ್ಕದ ಹೋಟೆಲಿನಲ್ಲಿ ಅರ್ಧ ಲೋಟ ಕಾಫಿ ತಗೊಂಡೆವು. ಅಣ್ಣ ಒಂದೊಂದೇ ಗುಟುಕು, ಪ್ರತಿ ಗುಟುಕಿಗೂ ಎರಡು ಸಲ ನುಂಗಿ, ಇಪ್ಪತ್ತು ನಿಮಿಷ ಕುಡಿದರು. ಹೋಟೆಲಿನವರು ಎದ್ದೇಳಿ ಅನ್ನಲಿಲ್ಲ.

ಮುದ್ದೆ ಇನ್ನೂ ಇಲ್ಲ. ಅದು ಅಂಟುತ್ತದೆ, ಅಗಿಯದೆ ನುಂಗುವಂಥದ್ದು, ಗಂಟಲಲ್ಲಿ ನಿಂತರೆ ಪ್ರಾಣಕ್ಕೆ ಕುತ್ತು ಅಂತ ಥೆರಪಿಸ್ಟ್ ಖಡಾಖಂಡಿತ ಹೇಳಿದ್ದಾರೆ. ‘ಯಾವಾಗ ತಾಯಿ?’ ಅಂತ ಅಣ್ಣ ಕೇಳಿದರು. ‘ಸೆಪ್ಟೆಂಬರ್‌ನಲ್ಲಿ ಇನ್ನೊಂದ್ಸಲ ನೋಡ್ಬಿಟ್ಟು ಹೇಳ್ತೀನಿ ಅಪ್ಪಾಜಿ. ಅಲ್ಲೀವರೆಗೂ ಚೆಂಡು ಬಿಡ್ಬೇಡಿ’ ಅಂದರು. ಮೊದಲನೇ ಚೆಂಡು ಗಾಳಿ ಹೋಗಿ ಮೆತ್ತಗಾಗಿತ್ತು. ಕಳೆದ ಸಂತೆಯಲ್ಲಿ ಇನ್ನೊಂದು ತಂದಿದ್ದೇನೆ.